ಹಳೇ ಲ್ಯಾಪ್‌ಟಾಪ್‌ನ ಆಪರೇಟಿಂಗ್ ಸಿಸ್ಟಮ್ ಕೈಯಾರೆ ಅಪ್‌ಡೇಟ್ ಮಾಡುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಈಗ ಏನು ಮಾಡಲಿ?" ಹಳೇ ಲ್ಯಾಪ್‌ಟಾಪ್ ಹಿಡಿದು ಕೂತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಬ್ಯಾಕಪ್ ಇರುವುದಿಲ್ಲ. ಹಾರ್ಡ್‌ಡಿಸ್ಕ್ ಚೆನ್ನಾಗಿದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಸಿ ಡ್ರೈವ್‌ನಲ್ಲಿ ಜಾಗವೂ ಇರುವುದಿಲ್ಲ. ಅಪ್‌ಡೇಟ್ ಕೆಡುವ ಕಾರಣ ಹೆಚ್ಚಿನ ಸಲ ಹೊಸ ಸಿಸ್ಟಮ್ ಇರುವ ಪೆನ್‌ಡ್ರೈವ್ ಹಾಕುವ ಮೊದಲೇ ಅಲ್ಲಿರುತ್ತದೆ. ಅದಕ್ಕೇ ಇಲ್ಲಿ ತಯಾರಿಯ ಬಗ್ಗೆ ಜಾಸ್ತಿ ಹೇಳಿದ್ದೇನೆ. ಬೇಸರ ಅನ್ನಿಸಿದರೂ ಆ ಹಂತಗಳನ್ನು ದಾಟಿಸಿಕೊಂಡು ಹೋಗಬೇಡಿ.

ಇಲ್ಲಿ ಹೇಳಿರುವುದು ವಿಂಡೋಸ್ 7, 8.1 ಅಥವಾ ಹಳೇ ವಿಂಡೋಸ್ 10 ಇರುವ ಲ್ಯಾಪ್‌ಟಾಪ್‌ಗಳ ಬಗ್ಗೆ.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದವು

ಹೊಸ ಸಿಸ್ಟಮ್ ಹಾಕಲು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಒಂದು ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬೇರೆಯೇ ಬೇಕು. ಎರಡೂ ಕೆಲಸಕ್ಕೆ ಒಂದೇ ಡ್ರೈವ್ ಬಳಸಲು ಹೋಗಬೇಡಿ. ಸರಿಯಾಗಿ ಕೆಲಸ ಮಾಡುವ ಚಾರ್ಜರ್, ಫೋನು, ಫೋನಿನ ಯುಎಸ್‌ಬಿ ಕೇಬಲ್ ಜೊತೆಗಿರಲಿ. ಕೇಬಲ್ ಯಾಕೆ ಅಂತ ಕೊನೆಯ ಹಂತದಲ್ಲಿ ಹೇಳುತ್ತೇನೆ.

ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್ ಇರಲಿ. ವಿಂಡೋಸ್ 7ಕ್ಕೆ ಸಿಗುವ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ. ಅಷ್ಟು ಹಳೇ ಬ್ರೌಸರ್‌ನಲ್ಲಿ ಕೆಲವು ಡೌನ್‌ಲೋಡ್ ಪುಟಗಳು ಸರಿಯಾಗಿ ತೆರೆಯುವುದೇ ಇಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ತಯಾರು ಮಾಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಇನ್ನು ಸಮಯ. ಹಳೇ ಮಾದರಿಯ ಹಾರ್ಡ್‌ಡಿಸ್ಕ್ ಇದ್ದರೆ ಇಡೀ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ಮರುದಿನ ಬೆಳಗ್ಗೆ ಆ ಲ್ಯಾಪ್‌ಟಾಪ್‌ನಲ್ಲಿ ಮುಖ್ಯವಾದ ಕೆಲಸ ಇದ್ದರೆ ಹಿಂದಿನ ರಾತ್ರಿ ಶುರು ಮಾಡಬೇಡಿ.

## ಹಂತ 1: ಈಗ ಏನಿದೆ ಅಂತ ನೋಡಿಕೊಳ್ಳಿ

ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ವಿಂಡೋಸ್ 7ರಲ್ಲಿ ಅದರ ಹೆಸರು ಕಂಪ್ಯೂಟರ್ ಅಂತ ಇರುತ್ತದೆ. ಅಲ್ಲಿಂದ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ವಿಂಡೋಸ್ ಮತ್ತು ಅದು ಹೋಮ್ ಆವೃತ್ತಿಯೋ ಪ್ರೊ ಆವೃತ್ತಿಯೋ, ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಸಿಸ್ಟಮ್ ಟೈಪ್ 32 ಬಿಟ್ಟೋ 64 ಬಿಟ್ಟೋ. ವಿಂಡೋಸ್‌ನ ಭಾಷೆಯೂ ಮುಖ್ಯ. ಈಗ ಯುಎಸ್ ಇಂಗ್ಲಿಷ್ ಇದ್ದರೆ ಹೊಸದೂ ಅದೇ ಇರಬೇಕು. ಬ್ರಿಟಿಷ್ ಇಂಗ್ಲಿಷ್ ಡೌನ್‌ಲೋಡ್ ಮಾಡಿಕೊಂಡರೆ ನಿಮ್ಮ ಪ್ರೋಗ್ರಾಮ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆಯೇ ಸಿಗದೆ ಹೋಗಬಹುದು.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ 0 ಅಂತ ಇರುವ ಬೂದು ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ವಾಲ್ಯೂಮ್ಸ್ ಒತ್ತಿ. ಪಾರ್ಟಿಷನ್ ಸ್ಟೈಲ್ (ಡಿಸ್ಕನ್ನು ಭಾಗ ಮಾಡಿರುವ ರೀತಿ) ಹಳೇ ಮಾದರಿಯ ಎಂಬಿಆರ್ ಅಂತ ಇದೆಯೋ ಹೊಸ ಮಾದರಿಯ ಜಿಪಿಟಿ ಅಂತ ಇದೆಯೋ ಗುರುತು ಮಾಡಿಕೊಳ್ಳಿ. ಏಳನೇ ಹಂತಕ್ಕೆ ಇದು ಬೇಕೇ ಬೇಕು.

## ಹಂತ 2: ಯಾವುದಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡಿ

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. 8.1ರದ್ದು 2023ರ ಜನವರಿ 10ಕ್ಕೆ. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ಹೊಸ ಭದ್ರತಾ ದೋಷ ಸಿಕ್ಕರೂ ಮಾಮೂಲಿಯಾಗಿ ಅದಕ್ಕೆ ತೇಪೆ ಹಾಕುವವರಿಲ್ಲ.

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮ್‌ನ ಹೊಸ ಮಾದರಿ), ಸೆಕ್ಯೂರ್ ಬೂಟ್ (ನಂಬಲರ್ಹ ಸಿಸ್ಟಮ್ ಮಾತ್ರ ಏಳಲು ಬಿಡುವ ವ್ಯವಸ್ಥೆ) ಮತ್ತು ಟಿಪಿಎಂ 2.0 (ಭದ್ರತಾ ಕೀಗಳನ್ನು ಕಾಯುವ ಚಿಪ್) ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸರಿಸುಮಾರು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಎಎಂಡಿ ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಸರಿಸುಮಾರು ರೈಜೆನ್ 3000 ಸರಣಿ ಅಥವಾ ನಂತರದ್ದು. ಇಷ್ಟೂ ಇದ್ದರೆ ಯೋಚನೆಯೇ ಬೇಡ, ವಿಂಡೋಸ್ 11ಕ್ಕೆ ಹೋಗಿ. ಟಿಪಿಎಂ ಇಲ್ಲ ಅಂತ ತೋರಿಸಿದರೆ ಒಮ್ಮೆ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆ) ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್‌ನಲ್ಲಿ ಅದನ್ನು ಪಿಟಿಟಿ ಅಂತಲೂ ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಕರೆಯುತ್ತಾರೆ.

ಪ್ರೊಸೆಸರ್ ಹಳೆಯದಾದರೆ ಎರಡು ದಾರಿ ಇವೆ. ಒಂದು, ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಹಾಕಿ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರುವುದು. ಮನೆಬಳಕೆಯವರಿಗೆ ಅದು 2026ರ ಅಕ್ಟೋಬರ್ 13ರವರೆಗೆ ಅಂತ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಇದು ಸ್ವಲ್ಪ ಕಾಲ ದೂಡುವ ದಾರಿ ಅಷ್ಟೇ. ವಿಂಡೋಸ್ 7 ಅಥವಾ 8ರಿಂದ ಬರುವವರಿಗೆ ಇನ್ನೊಂದು ತೊಡಕೂ ಇದೆ. ಅವುಗಳ ಕೀ ಬಳಸಿ ಹೊಸ ವಿಂಡೋಸ್ ಉಚಿತವಾಗಿ ಆಕ್ಟಿವೇಟ್ ಮಾಡುವ ಅವಕಾಶವನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ್ದಾರೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಹಿಂದೆ ಯಾವತ್ತಾದರೂ ವಿಂಡೋಸ್ 10 ಆಕ್ಟಿವೇಟ್ ಆಗಿದ್ದರೆ ಸಾಮಾನ್ಯವಾಗಿ ತಾನೇ ಆಗುತ್ತದೆ. ಇಲ್ಲದಿದ್ದರೆ ಹೊಸ ಲೈಸೆನ್ಸ್ ಬೇಕು.

ಇನ್ನೊಂದು ದಾರಿ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಬ್ರೌಸಿಂಗ್, ಮೇಲ್, ವಿಡಿಯೊ, ಟೈಪಿಂಗ್ ಇಷ್ಟೇ ಕೆಲಸ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯ ಆಯ್ಕೆ. 2 ಜಿಬಿ ರ‍್ಯಾಮ್‌ನಲ್ಲೂ ಏಳುತ್ತದೆ, 4 ಜಿಬಿ ಇದ್ದರೆ ಆರಾಮ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕದ ಸಾಫ್ಟ್‌ವೇರೋ ಹಳೇ ಸ್ಕ್ಯಾನರೋ ಇದ್ದರೆ ಮಾತ್ರ ಎರಡು ಸಲ ಯೋಚಿಸಿ.

ಅರ್ಹತೆಯ ಪರೀಕ್ಷೆ ತಪ್ಪಿಸಿ ವಿಂಡೋಸ್ 11 ಹಾಕುವ ಅಡ್ಡದಾರಿಗಳೂ ಇವೆ. ಅಂಥ ಲ್ಯಾಪ್‌ಟಾಪ್‌ಗೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟ್ ಸಿಗಲಿ ಅಂತಲೇ ಇಷ್ಟು ಕಷ್ಟಪಡುವಾಗ ಆ ದಾರಿ ಹಿಡಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

## ಹಂತ 3: ಹಾರ್ಡ್‌ಡಿಸ್ಕ್ ಪರೀಕ್ಷೆ

ಎಲ್ಲಕ್ಕಿಂತ ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಸಾಯಲು ಬಂದ ಡಿಸ್ಕ್ ದಿನಬಳಕೆಯಲ್ಲಿ ಹೇಗೋ ಓಡುತ್ತಿರುತ್ತದೆ. ಅಪ್‌ಡೇಟ್ ಶುರುವಾದ ಕೂಡಲೇ ಗಂಟೆಗಟ್ಟಲೆ ಓದಬೇಕು, ಬರೆಯಬೇಕು. ಅಲ್ಲೇ ಅದು ಕೈಕೊಡುತ್ತದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಹಾಕಿ ತೆರೆಯಿರಿ. ಎಡಗಡೆ ದೊಡ್ಡ ಚೌಕದಲ್ಲಿ ನೀಲಿ ಬಣ್ಣ ಇದ್ದು ಗುಡ್ ಅಂತ ಬರೆದಿದ್ದರೆ ಮುಂದೆ ಹೋಗಬಹುದು. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದರೆ ಕೆಳಗಿನ ಪಟ್ಟಿ ನೋಡಿ. 05, ಸಿ5, ಸಿ6 ಅನ್ನುವ ಸಾಲುಗಳಲ್ಲಿ ಯಾವುದೋ ಒಂದರ ಮುಂದೆ ಹಳದಿ ಚುಕ್ಕಿ ಇರುತ್ತದೆ. 05 ಅಂದರೆ ಕೆಟ್ಟ ಜಾಗಗಳ ಬದಲಿಗೆ ಡಿಸ್ಕ್ ಬೇರೆ ಜಾಗ ಬಳಸಲು ಶುರು ಮಾಡಿದೆ ಅಂತ. ಸಿ5 ಅಂದರೆ ಓದಲು ಒದ್ದಾಡುತ್ತಿರುವ ಜಾಗಗಳು ಇನ್ನೂ ಇವೆ ಅಂತ. ಅಂಥ ಡಿಸ್ಕ್ ಮೇಲೆ ಅಪ್‌ಡೇಟ್ ಮಾಡಬೇಡಿ. ಫೈಲ್‌ಗಳನ್ನು ಮೊದಲು ಹೊರಗೆ ಕಾಪಿ ಮಾಡಿಕೊಳ್ಳಿ, ಡಿಸ್ಕ್ ಬದಲಿಸಿ. ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್ ಓಡಿಸಿ ರಿಪೇರಿ ಮಾಡುತ್ತೇನೆ ಅಂತ ಹೋದರೆ ಇರುವ ಶಕ್ತಿಯೂ ಹೋಗಬಹುದು. ಕಾಪಿ ಮೊದಲು, ರಿಪೇರಿ ಆಮೇಲೆ. ಲ್ಯಾಪ್‌ಟಾಪ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರೆ ಪರೀಕ್ಷೆಯೂ ಬೇಡ, ನೇರ ಕಾಪಿಗೆ ಹೋಗಿ.

ಡಿಸ್ಕ್ ಚೆನ್ನಾಗಿದೆ, ಆದರೆ ಹಳೇ ತಿರುಗುವ ಮಾದರಿಯದ್ದು ಅಂದರೆ ಈಗಲೇ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಡಿಸ್ಕ್) ಬದಲಿಸುವ ಬಗ್ಗೆ ಯೋಚಿಸಿ. ಹೆಚ್ಚಿನ ಹಳೇ ಲ್ಯಾಪ್‌ಟಾಪ್‌ಗಳಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ವೇಗ ಎದ್ದು ಕಾಣುವಷ್ಟು ಜಾಸ್ತಿಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಹೊಸ ಸಿಸ್ಟಮ್ ಹೊಸ ಡಿಸ್ಕ್‌ಗೆ ಹೋಗುತ್ತದೆ, ಬಿಚ್ಚಿಟ್ಟ ಹಳೇ ಡಿಸ್ಕ್‌ನಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ. ಏನಾದರೂ ಎಡವಟ್ಟಾದರೆ ಅದನ್ನೇ ಮತ್ತೆ ಹಾಕಿದರಾಯಿತು. ಬದಲಿಸುವುದಾದರೆ ಈಗಲೇ ಬದಲಿಸಿ, ಅಪ್‌ಡೇಟ್ ಆದ ಮೇಲಲ್ಲ.

## ಹಂತ 4: ಬ್ಯಾಕಪ್

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. "ನನ್ನ ಫೈಲೆಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ" ಅಂತ ತುಂಬಾ ಜನ ನಂಬಿಕೊಂಡಿರುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಭಾಗ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಇನ್‌ಸ್ಟಾಲ್ ಮಾಡುವಾಗ ತಪ್ಪು ಸಾಲು ಅಳಿಸಿದರೂ ಹೋಗುತ್ತದೆ. ಬ್ಯಾಕಪ್ ಅಂದರೆ ಲ್ಯಾಪ್‌ಟಾಪ್‌ನಿಂದ ಹೊರಗೆ, ಬೇರೆ ಡ್ರೈವ್‌ನಲ್ಲಿ ಇರಬೇಕು.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವವು ಬೇರೆ. ಲೆಕ್ಕದ ಸಾಫ್ಟ್‌ವೇರ್‌ಗಳು ತಮ್ಮ ಡೇಟಾವನ್ನು ನೇರ ಸಿ ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿ ಇಟ್ಟಿರಬಹುದು. ಔಟ್‌ಲುಕ್ ಬಳಸುವವರ ಹಳೇ ಮೇಲ್‌ಗಳು ಪಿಎಸ್‌ಟಿ ಫೈಲ್‌ನಲ್ಲಿರಬಹುದು. ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್, ನೀವೇ ಹಾಕಿಕೊಂಡ ಫಾಂಟ್‌ಗಳು, ಹಣ ಕೊಟ್ಟು ಕೊಂಡ ಪ್ರೋಗ್ರಾಮ್‌ಗಳ ಕೀ, ವೈಫೈ ಪಾಸ್‌ವರ್ಡ್, ಇವನ್ನೂ ಬರೆದಿಡಿ. ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಮ್‌ಗಳ ಪಟ್ಟಿಯ ಫೋಟೊ ಫೋನಿನಲ್ಲಿ ತೆಗೆದುಕೊಂಡರೂ ಸಾಕು.

ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಬಯೋಸ್‌ನಲ್ಲಿ ಏನೋ ಬದಲಿಸಿದ ಮೇಲೆ ನೀಲಿ ಪರದೆ ಬಂದು ಆ ಕೀ ಕೇಳಿದಾಗ ಅದು ಕೈಲಿಲ್ಲ ಅಂದರೆ ಡೇಟಾ ನಿಮ್ಮದೇ ಆದರೂ ಸಿಗುವುದಿಲ್ಲ.

ಕಾಪಿ ಮುಗಿದ ಮೇಲೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ಫೋಲ್ಡರ್ ಕಂಡರೆ ಸಾಲದು, ಫೋಟೊ ತೆರೆಯಬೇಕು.

## ಹಂತ 5: ಲ್ಯಾಪ್‌ಟಾಪ್ ಹಗುರ ಮಾಡಿ

ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಡಿಸ್ಕ್ ಕ್ಲೀನಪ್ ಓಡಿಸಿ, ಬೇಡದ ಪ್ರೋಗ್ರಾಮ್ ತೆಗೆಯಿರಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಸುಮ್ನೆ ಆಫ್ ಮಾಡಿದರೆ ಸಾಲದು, ಅದರ ಡ್ರೈವರ್ (ವಿಂಡೋಸ್ ಜೊತೆ ಆಳದಲ್ಲಿ ಬೆರೆತು ಓಡುವ ಸಣ್ಣ ಪ್ರೋಗ್ರಾಮ್) ಒಳಗೇ ಕೂತಿರುತ್ತದೆ.

ಲ್ಯಾಪ್‌ಟಾಪ್ ಕಂಪನಿಯ ಸೈಟ್‌ಗೆ ಹೋಗಿ ನಿಮ್ಮ ಮಾದರಿಯ ವೈಫೈ, ಗ್ರಾಫಿಕ್ಸ್ ಮತ್ತು ಟಚ್‌ಪ್ಯಾಡ್ ಡ್ರೈವರ್‌ಗಳನ್ನು ಮೊದಲೇ ಇಳಿಸಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇಡಿ. ತಳದಲ್ಲಿ ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಮಾದರಿಯ ಸಂಖ್ಯೆ ಇರುತ್ತದೆ. ಬಯೋಸ್‌ಗೆ ಹೊಸ ಆವೃತ್ತಿ ಇದ್ದರೆ ಅದನ್ನೂ ಈಗಲೇ ಹಾಕಬಹುದು, ಆದರೆ ಬ್ಯಾಟರಿ ಮತ್ತು ಚಾರ್ಜರ್ ಎರಡೂ ಸರಿ ಇದ್ದರೆ ಮಾತ್ರ. ಬಯೋಸ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಏಳದೆಯೇ ಹೋಗಬಹುದು.

ಗಡಿಯಾರ ನೋಡಿ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದಾ? ಹಾಗಾದರೆ ಗಡಿಯಾರ ನಡೆಸುವ ಒಳಗಿನ ಸಣ್ಣ ಬ್ಯಾಟರಿ (ಸಿಮಾಸ್ ಬ್ಯಾಟರಿ) ಮುಗಿದಿದೆ. ದಿನಾಂಕ ತಪ್ಪಿದ್ದರೆ ಸುರಕ್ಷಿತ ಸೈಟ್‌ಗಳು ತೆರೆಯುವುದಿಲ್ಲ, ಅಪ್‌ಡೇಟ್ ಇಳಿಯುವುದಿಲ್ಲ, ಆಕ್ಟಿವೇಷನ್ ಕೂಡ ಆಗುವುದಿಲ್ಲ. ಎಷ್ಟೋ ಜನ ಇದನ್ನು ಇಂಟರ್ನೆಟ್ ತೊಂದರೆ ಅಂದುಕೊಂಡು ರೂಟರ್ ಆಫ್ ಆನ್ ಮಾಡುತ್ತಾ ಕೂರುತ್ತಾರೆ.

## ಹಂತ 6: ಪೆನ್‌ಡ್ರೈವ್ ತಯಾರಿ

ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ. ಲಿನಕ್ಸ್‌ಗೆ ಐಎಸ್‌ಒ ಫೈಲನ್ನು (ಇಡೀ ಸಿಸ್ಟಮ್ ಒಂದೇ ಫೈಲ್‌ನಲ್ಲಿ) ಅದರದೇ ಸೈಟ್‌ನಿಂದ ಇಳಿಸಿ ರೂಫಸ್ ಅಥವಾ ಎಚರ್ ಅನ್ನುವ ಪ್ರೋಗ್ರಾಮ್ ಮೂಲಕ ಪೆನ್‌ಡ್ರೈವ್‌ಗೆ ಬರೆಯಿರಿ. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಅದರಿಂದ ಲ್ಯಾಪ್‌ಟಾಪ್ ಏಳುವುದಿಲ್ಲ. ಮೊದಲೇ ಕ್ರ್ಯಾಕ್ ಆಗಿರುವ ವಿಂಡೋಸ್ ಅಂತ ಸಿಗುವ ಫೈಲ್‌ಗಳನ್ನು ಮುಟ್ಟಬೇಡಿ. ಒಳಗೆ ಏನು ಸೇರಿಸಿದ್ದಾರೆ ಅಂತ ತಿಳಿಯುವ ದಾರಿಯೇ ಇಲ್ಲ.

ಲಿನಕ್ಸ್ ಐಎಸ್‌ಒ ಇಳಿಸಿದ ಮೇಲೆ ಸೈಟ್‌ನಲ್ಲಿ ಕೊಟ್ಟಿರುವ ಎಸ್‌ಎಚ್‌ಎ 256 ಸಂಖ್ಯೆಗೆ (ಫೈಲ್‌ನ ಬೆರಳಚ್ಚು ಇದ್ದಂತೆ) ನಿಮ್ಮ ಫೈಲ್‌ನದು ಹೊಂದುತ್ತದಾ ಅಂತ ನೋಡಿ. ಒಂದು ಅಕ್ಷರ ತಪ್ಪಿದರೂ ಡೌನ್‌ಲೋಡ್ ಕೆಟ್ಟಿದೆ ಅಂತಲೇ ಅರ್ಥ.

## ಹಂತ 7: ಇನ್‌ಸ್ಟಾಲ್

ಇನ್‌ಸ್ಟಾಲ್‌ಗೆ ಎರಡು ದಾರಿ. ಮೊದಲನೆಯದು, ಇರುವುದನ್ನು ಉಳಿಸಿಕೊಂಡು ಅಪ್‌ಗ್ರೇಡ್. ವಿಂಡೋಸ್ 10ರಿಂದ 11ಕ್ಕೆ, ಅಥವಾ ಹಳೇ ವಿಂಡೋಸ್‌ನಿಂದ 10ಕ್ಕೆ ಹೋಗಲು ಇದು ಸರಿ. ಲ್ಯಾಪ್‌ಟಾಪ್ ಮಾಮೂಲಿನಂತೆ ಆನ್ ಮಾಡಿ, ವಿಂಡೋಸ್ ಒಳಗಿಂದಲೇ ಪೆನ್‌ಡ್ರೈವ್ ತೆರೆದು ಸೆಟಪ್ ಓಡಿಸಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ (ಲ್ಯಾಪ್‌ಟಾಪ್ ಅದರಿಂದಲೇ ಎದ್ದರೆ) ಈ ದಾರಿ ಸಿಗುವುದಿಲ್ಲ. ಪ್ರಿಂಟರ್, ಯುಎಸ್‌ಬಿ ಮೌಸ್, ಮೆಮೊರಿ ಕಾರ್ಡ್ ಎಲ್ಲ ತೆಗೆದಿಡಿ.

ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್ ಅನ್ನುವ ಆಯ್ಕೆ ಬರುತ್ತದೆ. ಅದು ಮಂಕಾಗಿದ್ದು ಒತ್ತಲು ಬರದಿದ್ದರೆ ಅಲ್ಲೇ ನಿಲ್ಲಿಸಿ. ಭಾಷೆ, ಹೋಮ್ ಪ್ರೊ ವ್ಯತ್ಯಾಸ, 32 ಮತ್ತು 64 ಬಿಟ್, ಈ ಮೂರರಲ್ಲಿ ಒಂದು ಹೊಂದುತ್ತಿಲ್ಲ ಅಂತ ಅರ್ಥ. "ನಥಿಂಗ್ (ಏನನ್ನೂ ಉಳಿಸಬೇಡ) ಒತ್ತಿದರೆ ಮುಂದೆ ಹೋಗುತ್ತದಲ್ವಾ" ಅಂತ ಒತ್ತಿದರೆ ನಿಮ್ಮ ಫೈಲ್‌ಗಳು ಹೋಗುತ್ತವೆ. 32 ಬಿಟ್‌ನಿಂದ 64 ಬಿಟ್‌ಗೆ ಈ ರೀತಿಯಲ್ಲಿ ಹೋಗಲು ಆಗುವುದೇ ಇಲ್ಲ.

ಎರಡನೆಯದು, ಹೊಸದಾಗಿ ಹಾಕುವುದು. ಲಿನಕ್ಸ್‌ಗೆ, ಹೊಸ ಎಸ್‌ಎಸ್‌ಡಿಗೆ, ಅಥವಾ ವಿಂಡೋಸ್ 7ರಿಂದ ನೇರ 11ಕ್ಕೆ ಇದೇ ದಾರಿ. ಆನ್ ಮಾಡಿದ ಕೂಡಲೇ ಬೂಟ್ ಮೆನು (ಯಾವುದರಿಂದ ಏಳಬೇಕು ಅಂತ ಆರಿಸುವ ಪಟ್ಟಿ) ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಅದನ್ನು ಬಯೋಸ್‌ನಲ್ಲಿ ಮೊದಲು ಆನ್ ಮಾಡಬೇಕು.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಮೊದಲ ಹಂತದಲ್ಲಿ ಬರೆದುಕೊಂಡದ್ದು ಈಗ ಬೇಕು. ಡಿಸ್ಕ್ ಜಿಪಿಟಿ ಆದರೆ ಯುಇಎಫ್‌ಐ ಇರುವುದನ್ನು ಆರಿಸಿ, ಎಂಬಿಆರ್ ಆದರೆ ಇಲ್ಲದ್ದನ್ನು. ಅದಲುಬದಲಾದರೆ ಈ ಡಿಸ್ಕ್‌ಗೆ ವಿಂಡೋಸ್ ಹಾಕಲು ಆಗುವುದಿಲ್ಲ ಅನ್ನುವ ಸಂದೇಶ ಬರುತ್ತದೆ. ಡಿಸ್ಕ್ ಕೆಟ್ಟಿಲ್ಲ, ಗಾಬರಿ ಬೇಡ. ವಾಪಸ್ ಹೋಗಿ ಇನ್ನೊಂದನ್ನು ಆರಿಸಿ. ವಿಂಡೋಸ್ 11 ಹಾಕುವುದಾದರೆ ಮಾತ್ರ ಯಾವಾಗಲೂ ಯುಇಎಫ್‌ಐ. ಡಿಸ್ಕ್ ಎಂಬಿಆರ್ ಇದ್ದರೆ ಪಾರ್ಟಿಷನ್ ಎಲ್ಲ ಅಳಿಸಿ ಮುಂದುವರಿಯಬೇಕಾಗುತ್ತದೆ.

ಪಾರ್ಟಿಷನ್ ತೋರಿಸುವ ಪರದೆಯಲ್ಲಿ ಎರಡು ನಿಮಿಷ ಸುಮ್ಮನೆ ನೋಡಿ. ಅಲ್ಲಿ ಸಿ, ಡಿ ಅನ್ನುವ ಅಕ್ಷರ ಇರುವುದಿಲ್ಲ, ಡ್ರೈವ್ 0, ಡ್ರೈವ್ 1 ಅಂತಷ್ಟೇ ಇರುತ್ತದೆ. ನಿಮ್ಮ ಪೆನ್‌ಡ್ರೈವ್ ಕೂಡ ಅದೇ ಪಟ್ಟಿಯಲ್ಲಿ ಇರಬಹುದು. ಗಾತ್ರ ನೋಡಿ ಗುರುತಿಸಿ. ಬ್ಯಾಕಪ್ ಡಿಸ್ಕ್ ಈ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿರಲೇಬಾರದು. ಅದನ್ನೇ ಫಾರ್ಮ್ಯಾಟ್ ಮಾಡಿಬಿಟ್ಟವರಿದ್ದಾರೆ.

ಮೊದಲ ರೀಸ್ಟಾರ್ಟ್ ಆದಾಗ ಬೂಟ್ ಕೀ ಮತ್ತೆ ಒತ್ತಬೇಡಿ. ಪೆನ್‌ಡ್ರೈವ್‌ನಿಂದಲೇ ಮತ್ತೆ ಎದ್ದರೆ ಇನ್‌ಸ್ಟಾಲ್ ಮೊದಲಿನಿಂದ ಶುರುವಾಗುತ್ತದೆ. ಹಾಗಾದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ಲಿನಕ್ಸ್ ಆದರೆ ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವ್‌ನಿಂದಲೇ ಸ್ವಲ್ಪ ಹೊತ್ತು ಓಡಿಸಿ ನೋಡಿ. ವೈಫೈ, ಸೌಂಡ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದಾ ಅನ್ನುವುದು, ಇಷ್ಟು ಸರಿ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ.

## ಹಂತ 8: ನಿಂತುಹೋದಂತೆ ಕಂಡರೆ

ಪರ್ಸೆಂಟ್ ನೋಡಬೇಡಿ, ಡಿಸ್ಕ್ ಲೈಟ್ ನೋಡಿ. ಹೆಚ್ಚಿನ ಹಳೇ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ಸಣ್ಣ ಸಿಲಿಂಡರ್ ಗುರುತಿನ ಪಕ್ಕ ಒಂದು ದೀಪ ಇರುತ್ತದೆ. ಅದು ಏರುಪೇರಾಗಿ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ. ಒಂದೇ ಅಂಕಿಯಲ್ಲಿ ಒಂದು ಗಂಟೆ ನಿಂತರೂ ಬಿಡಿ. ದೀಪ ಇಲ್ಲದಿದ್ದರೆ ಕಿವಿ ಇಟ್ಟು ಡಿಸ್ಕ್ ಸದ್ದು ಕೇಳಿ. ದೀಪವೂ ಇಲ್ಲ, ಸದ್ದೂ ಇಲ್ಲ, ಎರಡು ಮೂರು ಗಂಟೆ ಅಂಕಿಯೂ ಬದಲಾಗಿಲ್ಲ ಅಂದಾಗ ಮಾತ್ರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಸಾಮಾನ್ಯವಾಗಿ ಅದು ಹಳೇ ವಿಂಡೋಸ್‌ಗೆ ವಾಪಸ್ ಹೋಗಲು ನೋಡುತ್ತದೆ. ಬದಲಾವಣೆ ಹಿಂದಕ್ಕೆ ತೆಗೆಯುತ್ತಿದ್ದೇನೆ ಅಂತ ಪರದೆ ಮೇಲೆ ಬಂದರೆ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಹಳೇದೂ ಇಲ್ಲ, ಹೊಸದೂ ಇಲ್ಲ ಅನ್ನುವ ಸ್ಥಿತಿ ಹೆಚ್ಚಾಗಿ ಅಲ್ಲೇ ಬರುವುದು.

ಎರರ್ ಕೋಡ್ ಬಂದರೆ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಸಿ1900101 ಇದ್ದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್‌ನ ತೊಂದರೆ: ಆಂಟಿವೈರಸ್ ಉಳಿದಿದೆಯಾ, ಯುಎಸ್‌ಬಿ ಸಾಮಾನು ಸಿಕ್ಕಿಸಿದೆಯಾ, ಗ್ರಾಫಿಕ್ಸ್ ಡ್ರೈವರ್ ತೀರಾ ಹಳೇದಾ ನೋಡಿ. 80070070 ಅಂದರೆ ಜಾಗ ಸಾಲದು. ಏನೂ ಬದಲಿಸದೆ ಅದೇ ಅಪ್‌ಡೇಟನ್ನು ಮತ್ತೆ ಮತ್ತೆ ಓಡಿಸಿದರೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ.

## ಹಂತ 9: ಎದ್ದ ಮೇಲೆ

ಡೆಸ್ಕ್‌ಟಾಪ್ ಬಂತು ಅಂತ ಅಲ್ಲಿಗೇ ಬಿಡಬೇಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿ. ವೈಫೈ ಡ್ರೈವರ್ ಇಲ್ಲದೆಯೂ ಹೆಚ್ಚಿನ ಸಲ ಇಂಟರ್ನೆಟ್ ಸಿಗುತ್ತದೆ. ಲಿನಕ್ಸ್ ಮಿಂಟ್‌ನಲ್ಲಿ ಹಾಗೆ ಜೋಡಿಸಿಕೊಂಡು ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಡ್ರೈವರ್ ಅಲ್ಲೇ ಸಿಗಬಹುದು.

ವಿಂಡೋಸ್ ಅಪ್‌ಡೇಟ್ ತೆರೆದು, ಇಳಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ತೆರೆಯಿರಿ. ಇನ್ನೇನೂ ಇಲ್ಲ ಅನ್ನುವವರೆಗೆ ಹೀಗೇ ಮಾಡಿ. ನಂತರ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಎಲ್ಲಾದರೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಐದನೇ ಹಂತದಲ್ಲಿ ಇಳಿಸಿಟ್ಟ ಡ್ರೈವರ್ ಹಾಕಿ. ಮೊದಲ ದಿನ ಫ್ಯಾನ್ ಜೋರಾಗಿ ತಿರುಗುವುದು, ನಿಧಾನ ಅನ್ನಿಸುವುದು ಸಹಜ. ಒಳಗೆ ಫೈಲ್‌ಗಳ ಪಟ್ಟಿ ಹೊಸದಾಗಿ ತಯಾರಾಗುತ್ತಿರುತ್ತದೆ.

ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದವರಿಗೆ ವಾಪಸ್ ಹೋಗಲು 10 ದಿನ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ಗೋ ಬ್ಯಾಕ್ ಒತ್ತಿದರೆ ಸಾಕು. ಅದಕ್ಕೆ ಬೇಕಾದದ್ದು ಸಿ ಡ್ರೈವ್‌ನಲ್ಲಿರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್. ಜಾಗ ತಿನ್ನುತ್ತಿದೆ ಅಂತ ಅವಸರಪಟ್ಟು ಅಳಿಸಬೇಡಿ. ಆ ಹತ್ತು ದಿನದೊಳಗೆ ಪ್ರಿಂಟರ್, ಸ್ಕ್ಯಾನರ್, ವಿಡಿಯೊ ಕಾಲ್, ಲೆಕ್ಕದ ಸಾಫ್ಟ್‌ವೇರ್ ಎಲ್ಲವನ್ನೂ ಒಂದೊಂದು ಸಲ ಬಳಸಿ ನೋಡಿ. ಪೆನ್‌ಡ್ರೈವನ್ನು ಬೇರೆ ಕೆಲಸಕ್ಕೆ ಫಾರ್ಮ್ಯಾಟ್ ಮಾಡಬೇಡಿ. ಅದರ ಮೇಲೆ ಆವೃತ್ತಿ ಮತ್ತು ದಿನಾಂಕದ ಚೀಟಿ ಅಂಟಿಸಿ ಇಡಿ. ಮುಂದೆ ಲ್ಯಾಪ್‌ಟಾಪ್ ಏಳದೆ ಹೋದರೆ ಸ್ಟಾರ್ಟಪ್ ರಿಪೇರಿ ಮಾಡಲು ಅದೇ ಬೇಕಾಗುತ್ತದೆ.